ರದ್ದು, ವಜಾ, ಕಾಯಂ: ಒಂದು ಶಬ್ದದ ಬೆಲೆ
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕನ್ನಡದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಂಘಟಕರು ಹೇಳಿದರು. ಕನ್ನಡದ ಹಿರಿಮೆಯನ್ನು ಇಲ್ಲಿ ಬಹಳ ಜನ ಹೇಳಿದ್ದಾರೆ. ನಾನು ಬರೀ ಮೂರು ನಾಲ್ಕು ಶಬ್ದಗಳ ಬಗ್ಗೆ ಮಾತಾಡುತ್ತೇನೆ. ಒಬ್ಬರು ಮಾಡಿದ ತೀರ್ಮಾನವನ್ನು ಇನ್ನೊಬ್ಬರು ಒಪ್ಪದಿದ್ದಾಗ, ತೆಗೆದುಹಾಕಿದಾಗ ಬಳಸುವ ಶಬ್ದಗಳು ಅವು. ಅವುಗಳ ಅರ್ಥ ತಿಳಿಯದೆ ನಮ್ಮ ಮನೆ ಒಂದು ಹಾದಿ ಕಳೆದುಕೊಂಡಿತು.

ನಮ್ಮ ಹೊಲಕ್ಕೆ ಒಂದು ಬಂಡಿ ಹಾದಿ ಇತ್ತು. ಅದರ ತಂಟೆ ಕಚೇರಿಗೆ ಹೋಯಿತು. ಅಲ್ಲಿ ನಮ್ಮ ವಿರುದ್ಧ ಆದೇಶವಾಯಿತು. ಅಪ್ಪ ಮೇಲಿನ ಕಚೇರಿಗೆ ಅಪೀಲು ಮಾಡಿದರು. ಕೆಲವು ತಿಂಗಳ ಮೇಲೆ ಕಾಗದ ಬಂತು: ಮೇಲ್ಮನವಿಯನ್ನು ವಜಾಗೊಳಿಸಿ, ಕೆಳಗಿನ ಆದೇಶವನ್ನು ಕಾಯಂಗೊಳಿಸಲಾಗಿದೆ. ಕಟ್ಟೆಯ ಮೇಲೆ ಯಾರೋ ಓದಿ ಹೇಳಿದರು. ಅಪ್ಪನ ಕಿವಿಗೆ ಬಿದ್ದದ್ದು ಎರಡೇ ಶಬ್ದ, ವಜಾ ಮತ್ತು ಕಾಯಂ. ನಮ್ಮ ಕಡೆ ಲೆಕ್ಕದಲ್ಲಿ ವಜಾ ಎಂದರೆ ಕಳೆಯುವುದು. ಕಬ್ಬಿನ ಬಿಲ್ಲಿನಲ್ಲಿ ಮುಂಗಡ ವಜಾ ಆಗುತ್ತದಲ್ಲ, ಅದು. ಕಾಯಂ ಎಂದರೆ ಶಾಶ್ವತ. ಅಪ್ಪ ಮನೆಗೆ ಬಂದು, "ಅವರದು ವಜಾ ಆತು, ನಮ್ಮ ಹಾದಿ ಕಾಯಂ ಆತು" ಎಂದರು. ಅವ್ವ ಅಂದು ಹೋಳಿಗೆ ಮಾಡಿದಳು.

ಮುಂದೆ ಒಂದು ದಿನ ಹಾದಿಗೆ ಮುಳ್ಳುಬೇಲಿ ಬಿತ್ತು. ಕಾಗದ ಹಿಡಿದು ಓಡಿದರೆ, ಇನ್ನೂ ಮೇಲೆ ಹೋಗುವ ಗಡುವು ಮುಗಿದಿತ್ತು. ಆಮೇಲೆ ಹೊಲದ ಮಾಲನ್ನೆಲ್ಲ ತಲೆಯ ಮೇಲೆ ಹೊತ್ತು ಸುತ್ತಿ ಬಂದೆವು.

ಹಾಗಾದರೆ ಈ ಶಬ್ದಗಳ ನಿಜವಾದ ಅರ್ಥವೇನು? ರದ್ದು ಮತ್ತು ವಜಾ ಎರಡೂ ಅರಬ್ಬಿ ಮೂಲದವು. ಕೇಳಲು ಅಣ್ಣತಮ್ಮಂದಿರಂತಿವೆ, ಮಾಡುವ ಕೆಲಸ ಬೇರೆ. ರದ್ದಾದರೆ ಮೊದಲಿನ ತೀರ್ಮಾನವೇ ಬಿದ್ದುಹೋಗುತ್ತದೆ. ಅಪೀಲು ವಜಾ ಆದರೆ ಬೀಳುವುದು ನಮ್ಮ ಅಪೀಲು. ಮೊದಲಿನ ತೀರ್ಮಾನ ಗಟ್ಟಿಯಾಗಿ ನಿಲ್ಲುತ್ತದೆ. ಹಾಗೆ ನಿಲ್ಲುವುದನ್ನೇ ಕಾಯಂಗೊಳಿಸುವುದು, ಎತ್ತಿಹಿಡಿಯುವುದು ಎನ್ನುತ್ತಾರೆ. ನೌಕರನನ್ನು ವಜಾ ಮಾಡಿದರೆ ಮಾತ್ರ ಅವನು ಮನೆಗೆ ಹೋಗುತ್ತಾನೆ.

ಶಾಲೆಗೇ ಸಂಬಂಧಿಸಿದ ಉದಾಹರಣೆ ಕೊಡುತ್ತೇನೆ. ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು ನಮ್ಮ ಸರ್ಕಾರ 1994ರಲ್ಲಿ ಆದೇಶ ಮಾಡಿತು. ಅನುದಾನರಹಿತ ಖಾಸಗಿ ಶಾಲೆಗಳ ಮಟ್ಟಿಗೆ ಅದನ್ನು 2008ರಲ್ಲಿ ಹೈಕೋರ್ಟು ರದ್ದುಪಡಿಸಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು. 2014ರಲ್ಲಿ ಆ ಮೇಲ್ಮನವಿ ವಜಾ ಆಯಿತು, ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಲಾಯಿತು. ರದ್ದಾದದ್ದು ಆದೇಶ, ವಜಾ ಆದದ್ದು ಮನವಿ. ಇಷ್ಟು ತಿಳಿದರೆ ಯಾವ ಕಾಗದವನ್ನಾದರೂ ಓದಬಹುದು.

ಇನ್ನೂ ಎರಡು ಶಬ್ದ ನಮ್ಮ ನೆಲದಲ್ಲೇ ಸಿಗುತ್ತವೆ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಚಿಕ್ಕೋಡಿ, ಗೋಕಾಕಗಳನ್ನು ಜಿಲ್ಲೆಗಳೆಂದು ಘೋಷಿಸಿತ್ತು. ಗಡಿ ವಿವಾದದ ಕಾರಣ ವಿರೋಧ ಬಂದಾಗ ಹಿಂಪಡೆಯಿತು. ಕೊಟ್ಟವರೇ ವಾಪಸ್ಸು ತೆಗೆದುಕೊಂಡರೆ ಅದು ಹಿಂಪಡೆಯುವುದು. 2017ರಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಯಿಂದ ಮೂಡಲಗಿಯನ್ನು ಕೈಬಿಟ್ಟರು. ಜನ ಬೀದಿಗಿಳಿದರು, ಧರಣಿ ಕುಳಿತರು. ಸರ್ಕಾರ ಮನಸ್ಸು ಬದಲಿಸಿತು. ಇಂದು ಮೂಡಲಗಿ ತಾಲ್ಲೂಕು ಕೇಂದ್ರ. ಕೈಬಿಟ್ಟದ್ದನ್ನು ಮತ್ತೆ ಕೈಹಿಡಿಯುವಂತೆ ಮಾಡಬಹುದು ಎಂಬುದನ್ನು ಮೂಡಲಗಿಯವರು ತೋರಿಸಿಕೊಟ್ಟರು.

ಹುಕ್ಕೇರಿಯ ವಿದ್ಯುತ್ ಸಹಕಾರಿ ಸಂಘದಿಂದ ಹಿಡಿದು ಊರೂರಿನ ಸೊಸೈಟಿಗಳವರೆಗೆ ನಮ್ಮದು ಸಹಕಾರದ ಸೀಮೆ. ಸಭೆಯಲ್ಲಿ ಆಗುವ ತೀರ್ಮಾನಕ್ಕೆ ನಾವು ಠರಾವು ಎನ್ನುತ್ತೇವೆ. ಅಲ್ಲಿ ಸದಸ್ಯನ ಅರ್ಜಿ ತಿರಸ್ಕೃತವಾಯಿತು ಎಂದು ಬರೆದರೆ ಅವನು ಅವಮಾನವಾಯಿತೆಂದು ಮುಖ ತಿರುಗಿಸುತ್ತಾನೆ, ಯಾಕೆಂದರೆ ಮಾತಿನಲ್ಲಿ ತಿರಸ್ಕಾರ ಎಂದರೆ ತಾತ್ಸಾರ. ಕಾಗದದಲ್ಲಿ ಅದರ ಅರ್ಥ ಅರ್ಜಿಯನ್ನು ಒಪ್ಪಲಿಲ್ಲ ಎಂದಷ್ಟೇ. ಸಿಟ್ಟು ಮಾಡುವ ಬದಲು ಕಾರಣ ಕೇಳಬೇಕು, ಮುಂದಿನ ಬಾಗಿಲು ಹುಡುಕಬೇಕು. ಮಾಹಿತಿ ಹಕ್ಕಿನ ಅರ್ಜಿ ತಿರಸ್ಕೃತವಾದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ ಹಾಕಬಹುದು ಎಂದು 2005ರ ಕಾಯ್ದೆಯೇ ಹೇಳುತ್ತದೆ.

ಆದ್ದರಿಂದ ಕಾಗದ ಬಂದಾಗ ಮೂರು ಪ್ರಶ್ನೆ ಕೇಳಿರಿ. ಬಿದ್ದದ್ದು ಯಾವುದು, ನನ್ನ ಮನವಿಯೋ, ಅವರ ಆದೇಶವೋ? ಇದನ್ನು ಹೇಳಿದವರು ಯಾರು, ಅವರ ಮೇಲೆ ಯಾರಿದ್ದಾರೆ? ಮೇಲೆ ಹೋಗಲು ಎಷ್ಟು ದಿನ ಇದೆ?

ಹಾದಿ ಹೋದ ವರ್ಷವೇ ಅಪ್ಪ ಇನ್ನೊಂದು ತೀರ್ಮಾನ ಮಾಡಿದ್ದರು. ಏಳನೆಯ ಇಯತ್ತೆ ಮುಗಿಸಿದ ನಮ್ಮ ಅಕ್ಕನನ್ನು ಶಾಲೆ ಬಿಡಿಸುವುದು, ಹೊಲದ ಕೆಲಸಕ್ಕೆ ಕೈ ಬೇಕು ಎಂದು. ಈ ಶಾಲೆಯ ಗುರುಗಳೊಬ್ಬರು ಮನೆಗೆ ಬಂದರು. ನಿಮ್ಮದು ತಪ್ಪು ಎನ್ನಲಿಲ್ಲ. ಚಹಾ ಕುಡಿದು, "ಗೌಡ್ರ, ನೀವು ಹೇಳೂದೂ ಖರೆ ಐತ್ರಿ. ಆದ್ರ ಆ ಕಾಗದಾ ತಿಳದ ಓದವ್ರು ಮನ್ಯಾಗ ಒಬ್ಬರ ಇದ್ದಿದ್ರ ಹಾದಿ ಹೋಗತಿತ್ತೇನ್ರಿ?" ಎಂದರು. ಅಪ್ಪ ಮಾತಾಡಲಿಲ್ಲ. ಜೂನ್ ತಿಂಗಳಲ್ಲಿ ಅಕ್ಕ ಎಂಟನೆಯ ತರಗತಿಯ ಬೆಂಚಿನ ಮೇಲೆ ಕುಳಿತಿದ್ದಳು. ಅಪ್ಪನ ತೀರ್ಮಾನ ರದ್ದಾಯಿತು, ಅಪ್ಪನ ಮರ್ಯಾದೆ ಉಳಿಯಿತು. ಇನ್ನೊಬ್ಬರ ಮಾತನ್ನು ತೆಗೆದುಹಾಕುವ ಇದಕ್ಕಿಂತ ಒಳ್ಳೆಯ ರೀತಿಯನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

ಗುರುಗಳಲ್ಲಿ ನನ್ನದೊಂದು ವಿನಂತಿ. ಹತ್ತನೆಯ ತರಗತಿ ಮುಗಿಸುವ ಪ್ರತಿ ಮಗುವಿಗೂ ಒಂದು ಸರ್ಕಾರಿ ಆದೇಶವನ್ನು ಓದಿ ಮನೆಯವರಿಗೆ ತಿಳಿಸಿ ಹೇಳುವುದನ್ನು ಕಲಿಸಿರಿ. ವರ್ಷಕ್ಕೆ ಒಂದು ತಾಸು ಸಾಕು. ಮಕ್ಕಳೇ, ಇಂದು ಮನೆಗೆ ಹೋದ ಮೇಲೆ ಗಂಟಿನಲ್ಲಿರುವ ಹಳೆಯ ಕಾಗದ ಒಂದನ್ನು ತೆಗೆದು ಅಜ್ಜನಿಗೆ ಓದಿ ಹೇಳಿರಿ.