ಬೇಸಿಗೆಯಲ್ಲಿ ಮನೆಮಂದಿಯ ಆರೋಗ್ಯ

(ಸಂಘದ ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ಸದಸ್ಯೆಯೊಬ್ಬರು ಮಾಡಿದ ಭಾಷಣ)



ನಾನು ಡಾಕ್ಟರಲ್ಲ. ನಿಮ್ಮ ಹಾಗೇ ಎರಡು ಎಮ್ಮೆ ಕಟ್ಟಿಕೊಂಡು ಈ ಸಂಘಕ್ಕೆ ಹಾಲು ಹಾಕುವವಳು. ಈ ವಿಷಯದ ಮೇಲೆ ಎರಡು ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದಾಗ ಹಿಂಜರಿದೆ. ಆಮೇಲೆ, ನಮ್ಮ ಮನೆಯಲ್ಲಿ ಆದದ್ದನ್ನು ಹೇಳಿದರೆ ನಾಲ್ಕು ಮನೆಗೆ ಉಪಯೋಗವಾದೀತು ಎಂದು ಒಪ್ಪಿಕೊಂಡೆ.

ನಮ್ಮ ರಾಯಚೂರು ಸೀಮೆಗೆ ಬಿಸಿಲು ಹೊಸದಲ್ಲ. ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುವುದು ಮಾಮೂಲು. ಎಮ್ಮೆಗೆ ಬಿಸಿಲು ತಡೆಯದು, ಹಾಲು ಇಳಿಯುತ್ತದೆ ಎಂದು ನಮಗೆಲ್ಲ ಗೊತ್ತು. ಅದಕ್ಕೇ ನೆರಳಿಗೆ ಕಟ್ಟುತ್ತೇವೆ, ನೀರು ಕುಡಿಸುತ್ತೇವೆ, ಮೈಮೇಲೆ ನೀರು ಹುಯ್ಯುತ್ತೇವೆ. ಮನೆಯ ಮುದುಕರಿಗೆ ಏನು ಮಾಡುತ್ತೇವೆ?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಮಾವನವರು ಹೊಲದಿಂದ ಬಂದು ಕಟ್ಟೆಯ ಮೇಲೆ ಕುಂತರು. ಮಾತು ತೊದಲುತ್ತಿತ್ತು. ನನ್ನನ್ನು ತೀರಿಹೋದ ಅತ್ತೆಯವರ ಹೆಸರು ಹಿಡಿದು ಕರೆದರು. ಬಿಸಿಲಿಗೆ ಸುಸ್ತಾಗಿದೆ, ಸ್ವಲ್ಪ ಹೊತ್ತು ಮಲಗಲಿ ಅಂದ್ವಿ. ಮೈ ಸುಡುತ್ತಿತ್ತು, ಜ್ವರದ ಮಾತ್ರೆ ಕೊಟ್ವಿ. ಎರಡು ತಾಸಿನ ಮೇಲೆ ಆಸ್ಪತ್ರೆಗೆ ಒಯ್ದಾಗ ಹೊತ್ತು ಮೀರಿತ್ತು. ಅದೇ ಮಧ್ಯಾಹ್ನ ನಾನೇ ಎಮ್ಮೆಗಳ ಮೈಮೇಲೆ ನಾಲ್ಕು ಕೊಡ ನೀರು ಹುಯ್ದಿದ್ದೆ. ಒಂದು ಕೊಡ ಮಾವನವರ ಮೈಮೇಲೆ ಹುಯ್ಯಬೇಕೆಂದು ಹೊಳೆಯಲಿಲ್ಲ.

ಆಮೇಲೆ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಬಿಸಿಲಲ್ಲಿದ್ದವರು ತಪ್ಪುತಪ್ಪಾಗಿ ಮಾತಾಡಿದರೆ, ಎಚ್ಚರ ತಪ್ಪಿದರೆ, ಮೈ ಕೆಂಡವಾದರೆ ಅದು ಸುಸ್ತಲ್ಲ, ಬಿಸಿಲಾಘಾತ. ಜ್ವರದ ಮಾತ್ರೆಗೆ ಅದು ಇಳಿಯುವುದಿಲ್ಲ. ತಕ್ಷಣ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಸುಮ್ಮನೆ ಕೂಡಬೇಡಿ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಯೆಲ್ಲ ನೀರು ಹಾಕಿ ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹುಯ್ಯಲೇಬೇಡಿ, ಅದು ಉಸಿರಿಗೆ ಅಡ್ಡವಾಗುತ್ತದೆ.

ಅಲ್ಲಿಯತನಕ ಹೋಗದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ನಮ್ಮ ಕಲಬುರಗಿ ವಿಭಾಗದಲ್ಲಿ ಬೇಸಿಗೆಗೆಂದು ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತಾರೆ. ಫ್ಯಾನಿನ ಕೆಳಗೆ ಕೂಡುವವರಿಗೇ ವೇಳೆ ಬದಲಾದರೆ ಹೊಲದ ಕೆಲಸಕ್ಕೆ ಯಾಕೆ ಬೇಡ? ಹನ್ನೆರಡರಿಂದ ಮೂರರತನಕ ಹೊಲ ಬಿಡೋಣ. ಬಾಯಾರಿಕೆ ಆಗಲೆಂದು ಕಾಯದೆ ನೀರು, ಮಜ್ಜಿಗೆ, ಅಂಬಲಿ ಕುಡಿಯೋಣ. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದೇ ಕಡಿಮೆ, ನಾವೇ ಕೈಗೆ ಲೋಟ ಕೊಡಬೇಕು. 6 ತಿಂಗಳೊಳಗಿನ ಕೂಸಿಗೆ ನೀರು ಬೇಡ, ಎದೆಹಾಲನ್ನೇ ಮೇಲಿಂದ ಮೇಲೆ ಕೊಡಿ. ಮತ್ತೆ ಅಕ್ಕ-ತಂಗಿಯರೇ, ಎಲ್ಲರಿಗೂ ಕೊಟ್ಟು ಕಡೆಗೆ ನೀವು ಕುಡಿಯುವ ರೂಢಿ ಬಿಡಿ.

ವಾಂತಿ-ಭೇದಿಯಾದರೆ ಓಆರ್‌ಎಸ್ ಪೊಟ್ಟಣ ತನ್ನಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ, 24 ತಾಸಿನೊಳಗೆ ಕುಡಿಸಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಇದನ್ನು ಹಗುರ ಮಾಡಬೇಡಿ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಸಲೈನ್ ಸಾಲದಾದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು-ಗ್ಲೂಕೋಸ್ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿ ಸಾವಿರಾರು ಜೀವ ಉಳಿಸಿದರು.

ಕೊನೆಗೆ ಸಂಘಕ್ಕೆ ಒಂದು ವಿನಂತಿ. ಈ ಬೆಳ್ಳಿಹಬ್ಬದ ನೆನಪಿಗೆ ಡೇರಿಯ ಬಾಗಿಲಲ್ಲಿ ಪ್ರತಿ ಬೇಸಿಗೆ ಒಂದು ಅರವಟ್ಟಿಗೆ ಇಡೋಣ, ಒಳಗೆ ಓಆರ್‌ಎಸ್ ಪೊಟ್ಟಣ ಇರಲಿ. ಎಮ್ಮೆಗೆ ಸಿಗುವ ನೆರಳು-ನೀರು ನಮ್ಮ ಮನೆಮಂದಿಗೂ ಸಿಗಲಿ.