ರಕ್ತನಾಳದ ಕೊಬ್ಬನ್ನು ತೊಳೆಯುವ ಇಂಜೆಕ್ಷನ್ ಇದೆಯೇ?

(ಉಮ್ಮತ್ತೂರಿನಲ್ಲಿ ರೋಗಿಗಳಿಗೂ ಅವರ ಬಂಧುಗಳಿಗೂ ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)



ಹೃದ್ರೋಗಿಗಳ ಮನೆಯವರು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ: "ಡಾಕ್ಟರೇ, ನಾಳದಲ್ಲಿ ಕಟ್ಟಿಕೊಂಡ ಕೊಬ್ಬನ್ನು ತೊಳೆದುಹಾಕುವ ಇಂಜೆಕ್ಷನ್ ಬಂದಿದೆಯಂತೆ. ಅದನ್ನೇ ಕೊಡಿಸಬಾರದೇ? ದಿನಾ ಮಾತ್ರೆ ಯಾಕೆ?" ಇದಕ್ಕೆ ಉತ್ತರವಾಗಿ ನಾಲ್ಕು ಮಾತು.

ಮೊದಲು ಕೊಬ್ಬು ಹೇಗೆ ಕಟ್ಟುತ್ತದೆ ಎಂಬುದನ್ನು ತಿಳಿಯೋಣ. ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟರಾಲ್ ರಕ್ತದಲ್ಲಿ ಹೆಚ್ಚಾದಾಗ ಅದು ರಕ್ತನಾಳದ ಗೋಡೆಯೊಳಕ್ಕೆ ಸೇರಿಕೊಳ್ಳುತ್ತದೆ. ಇದು ನೀರಿನ ಪೈಪಿನ ಒಳಮೈಗೆ ಹಿಡಿಯುವ ಪಾಚಿಯಂತಲ್ಲ. ಗೋಡೆಯ ಒಳಗೇ ಬೆಳೆಯುವ ಗಂಟು. ಆದ್ದರಿಂದ ಉಜ್ಜಿ ತೊಳೆಯಲು ಬರುವುದಿಲ್ಲ. ಗಂಟು ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ.

ತೊಳೆಯುವ ಔಷಧದ ಆಸೆ ಹುಟ್ಟಿಸಿದ್ದು ಇಟಲಿಯ ಲಿಮೋನೆ ಎಂಬ ಸಣ್ಣ ಊರು. ಅಲ್ಲಿನ ಕೆಲವು ಕುಟುಂಬಗಳವರಿಗೆ ಒಳ್ಳೆಯ ಕೊಲೆಸ್ಟರಾಲ್ ತೀರಾ ಕಡಿಮೆ. ಆದರೂ ಹೃದ್ರೋಗ ವಿರಳ. ಅವರ ರಕ್ತದಲ್ಲಿ ಒಂದು ಪ್ರೋಟೀನ್ ವಂಶಪಾರಂಪರ್ಯವಾಗಿ ಬದಲಾಗಿರುವುದನ್ನು ಮಿಲಾನ್ ನಗರದ ಸಂಶೋಧಕರು 1980ರಲ್ಲಿ ಪ್ರಕಟಿಸಿದರು. ಅದಕ್ಕೆ ಅಪೋ ಎ-1 ಮಿಲಾನೊ ಎಂದು ಹೆಸರಾಯಿತು.

ಅಮೆರಿಕದಲ್ಲಿ ಈ ಪ್ರೋಟೀನನ್ನು ತಯಾರಿಸಿ ರೋಗಿಗಳಿಗೆ ವಾರಕ್ಕೊಮ್ಮೆಯಂತೆ ಐದು ವಾರ ರಕ್ತಕ್ಕೆ ಏರಿಸಿದರು. 2003ರಲ್ಲಿ ಬಂದ ಫಲಿತಾಂಶದಲ್ಲಿ ಕೊಬ್ಬಿನ ಗಂಟು ಶೇ. 4ರಷ್ಟು ಕುಗ್ಗಿತ್ತು. ಜಗತ್ತೇ ಸಂಭ್ರಮಿಸಿತು. ಆದರೆ ಆ ಅಧ್ಯಯನ ಮುಗಿಸಿದ ರೋಗಿಗಳು 47 ಮಂದಿ ಮಾತ್ರ. 2016ರಲ್ಲಿ ಮತ್ತೆ ಪರೀಕ್ಷಿಸಿದಾಗ, ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಇದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಇದೇ ಬಗೆಯ ಇನ್ನೊಂದು ಪ್ರೋಟೀನನ್ನು 18 ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳಲ್ಲಿ ಪರೀಕ್ಷಿಸಿದರು. 2024ರಲ್ಲಿ ಅದೂ ನಿರೀಕ್ಷೆ ಮುಟ್ಟಲಿಲ್ಲ.

ಹಾಗಾದರೆ ಯಾವ ಪ್ರೋಟೀನೂ ಕೆಲಸಕ್ಕೆ ಬಾರದೇ? ಎರಡು ಬಂದಿವೆ.

ಒಂದು, ಎವೊಲೊಕುಮ್ಯಾಬ್‌ನಂಥ ಇಂಜೆಕ್ಷನ್. ಇದು ಕೊಬ್ಬನ್ನು ತೊಳೆಯುವುದಲ್ಲ. ಕೆಟ್ಟ ಕೊಲೆಸ್ಟರಾಲನ್ನು ಲಿವರ್ ಹೆಚ್ಚಾಗಿ ಹೀರಿಕೊಳ್ಳುವಂತೆ ಮಾಡುತ್ತದೆ. 2017ರ ದೊಡ್ಡ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳನ್ನು ಇದು ಕಡಿಮೆ ಮಾಡಿತು. ಗಮನಿಸಿ: ಅಲ್ಲಿನ ರೋಗಿಗಳೂ ಸ್ಟ್ಯಾಟಿನ್ ಬಿಟ್ಟಿರಲಿಲ್ಲ. ಬೆಲೆ ದುಬಾರಿಯಾದ್ದರಿಂದ ಮಾತ್ರೆಯಿಂದ ಸಾಲದವರಿಗೆ ಮಾತ್ರ ವೈದ್ಯರು ಇದನ್ನು ಸೂಚಿಸುತ್ತಾರೆ.

ಇನ್ನೊಂದು ಟೆನೆಕ್ಟಿಪ್ಲೇಸ್. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಇಂಜೆಕ್ಷನ್ ಇದೇ. ಇದು ಕರಗಿಸುವುದು ಹೊಸದಾಗಿ ಹೆಪ್ಪುಗಟ್ಟಿದ ರಕ್ತವನ್ನು, ಹಳೆಯ ಕೊಬ್ಬನ್ನಲ್ಲ. ಆದ್ದರಿಂದ "ಇಂಜೆಕ್ಷನ್ ಆಯಿತು, ಎಲ್ಲ ಕರಗಿತು" ಎಂದು ಮನೆಗೆ ಹೋಗಿ ಮಾತ್ರೆ ನಿಲ್ಲಿಸಬಾರದು. ನಾಳದ ಗಂಟು ಇನ್ನೂ ಅಲ್ಲೇ ಇರುತ್ತದೆ.

ಅಂಗಡಿಯಲ್ಲಿ ಸಿಗುವ ಪ್ರೋಟೀನ್ ಪುಡಿಗೂ ಈ ಔಷಧಗಳಿಗೂ ಸಂಬಂಧವಿಲ್ಲ. ತಿಂದ ಪ್ರೋಟೀನ್ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ನಮ್ಮ ಹೊಲದ ಅರಿಶಿನ, ಅಡುಗೆಮನೆಯ ಬೆಳ್ಳುಳ್ಳಿ ಊಟಕ್ಕೆ ಒಳ್ಳೆಯವೇ, ಮಾತ್ರೆಗೆ ಬದಲಿಯಲ್ಲ. "ಆಪರೇಷನ್ ಬೇಡ, ನಾಳ ತೊಳೆದುಕೊಡುತ್ತೇವೆ" ಎನ್ನುವವರಿಗೆ ಸಾಲ ಮಾಡಿ ಹಣ ಕಟ್ಟುವ ಮೊದಲು ನಿಮ್ಮ ವೈದ್ಯರನ್ನು ಕೇಳಿರಿ.

ಜೊತೆಗಿರುವ ಬಂಧುಗಳು ಇಷ್ಟು ಮಾಡಿರಿ:

1. ಮಾತ್ರೆ ಮುಗಿಯುವ ಒಂದು ವಾರ ಮುಂಚೆಯೇ ತಂದಿಡಿ. ಮೈಕೈ ನೋವು ಬಂದರೆ ನೀವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.
2. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಿಸಿ. ಬಿ.ಪಿ., ಸಕ್ಕರೆ ಹತೋಟಿಯಲ್ಲಿರಲಿ.
3. ಎದೆ ಹಿಂಡಿದಂತಾಗಿ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಸುತ್ತಾ ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಸಂಶೋಧನೆ ನಡೆಯುತ್ತಲೇ ಇರುತ್ತದೆ, ನಾಳೆ ಇನ್ನೂ ಒಳ್ಳೆಯ ಔಷಧ ಬರಬಹುದು. ಅಲ್ಲಿಯವರೆಗೆ ನಮ್ಮನ್ನು ಕಾಯುವುದು ಇವತ್ತಿನ ಮಾತ್ರೆ. ಅದನ್ನು ತಪ್ಪಿಸದಿರಿ. ಎಲ್ಲರೂ ಬೇಗ ಗುಣವಾಗಿ ಮನೆಗೆ ಮರಳುವಂತಾಗಲಿ.