ದುಡ್ಡು, ಸಾಲ ಮತ್ತು ಓಟು
(ಸಂಘದ ರಜತ ಮಹೋತ್ಸವದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸಂತೋಷದ ದಿನ ದುಡ್ಡು, ಸಾಲ, ಓಟು ಈ ಮೂರರ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂತ ನಿಂತಿದ್ದೇನೆ. ಅದಕ್ಕೆ ನಮ್ಮ ನಾಡಿನಲ್ಲೇ ಹುಟ್ಟಿದ ಒಬ್ಬರ ಉದಾಹರಣೆ ಕೊಡುತ್ತೇನೆ.

ಅವರು ಶ್ರೀ ಥಾಣೇದಾರ. ಇಲ್ಲಿ 'ಶ್ರೀ' ಅನ್ನುವುದು ಗೌರವಕ್ಕೆ ಹಚ್ಚಿದ್ದಲ್ಲ, ಅವರ ಹೆಸರೇ ಅದು. 1955ರಲ್ಲಿ ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದ ಮರಾಠಿ ಮನೆತನದವರು. ಬಡತನ ಕಂಡವರು. 1979ರಲ್ಲಿ ಅಮೆರಿಕಕ್ಕೆ ಹೋಗಿ, 1982ರಲ್ಲಿ ಆಕ್ರನ್ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಸಾಲ ಮಾಡಿ ಕೆಮಿರ್ ಎಂಬ ಸಣ್ಣ ಪ್ರಯೋಗಾಲಯ ಕೊಂಡರು. ಔಷಧಿ, ಪ್ಲಾಸ್ಟಿಕ್ ಇಂಥವುಗಳಲ್ಲಿ ಏನೇನು ಬೆರೆತಿದೆ ಎಂದು ಪರೀಕ್ಷಿಸಿ ಹೇಳುವ ಉದ್ಯೋಗ ಅದು. ಬೆರಳೆಣಿಕೆಯ ಕೆಲಸಗಾರರಿಂದ ಶುರುವಾಗಿ ನೂರಾರು ಜನಕ್ಕೆ ಅನ್ನ ಕೊಡುವಷ್ಟು ಬೆಳೆಯಿತು.

ಬೆಳೆದ ಮೇಲೆ ಮತ್ತೆ ಸಾಲ ತೆಗೆದು ಇನ್ನಷ್ಟು ಕಂಪನಿ ಕೊಂಡರು. ಆರ್ಥಿಕ ಹಿಂಜರಿತ ಬಂತು, ಸಾಲ ತೀರಲಿಲ್ಲ. 2010ರಲ್ಲಿ ಉದ್ಯಮ ಬ್ಯಾಂಕಿನ ಕೈಗೆ ಹೋಯಿತು. ಅದೇ ವರ್ಷ ಮಿಶಿಗನ್ ರಾಜ್ಯದಲ್ಲಿ ಅವೋಮೀನ್ ಎಂಬ ಹೊಸ ಪ್ರಯೋಗಾಲಯ ಕಟ್ಟಿದರು. ಅದು ನಿಂತಿತು. 2016ರಲ್ಲಿ ಅದರ ದೊಡ್ಡ ಪಾಲು ಮಾರಿ ರಾಜಕೀಯದ ಕಡೆ ಹೊರಳಿದರು. ಬಿದ್ದವನು ಎದ್ದದ್ದು ದೊಡ್ಡದು, ಒಪ್ಪೋಣ. ಆದರೆ ಅತಿಸಾಲ ಯಾರನ್ನೂ ಬಿಡುವುದಿಲ್ಲ ಎಂಬುದನ್ನೂ ಮರೆಯಬಾರದು.

ಈಗ ಓಟಿನ ಮಾತು. 2018ರಲ್ಲಿ ಮಿಶಿಗನ್ ರಾಜ್ಯಪಾಲರಾಗಲು ಹೊರಟರು. ಅಲ್ಲಿ ರಾಜ್ಯಪಾಲರನ್ನು ಜನರೇ ಆರಿಸುತ್ತಾರೆ. ಸ್ವಂತದ ಒಂದು ಕೋಟಿ ಡಾಲರಿಗೂ ಮಿಕ್ಕಿ ಹಾಕಿದರೂ ಪಕ್ಷದ ಒಳಚುನಾವಣೆಯಲ್ಲೇ ಮೂರನೆಯವರಾದರು. 2020ರಲ್ಲಿ ಡೆಟ್ರಾಯಿಟ್‌ನಿಂದ ರಾಜ್ಯ ಶಾಸನಸಭೆಗೆ ಗೆದ್ದರು. 2022ರಲ್ಲಿ ಸಂಸತ್ತಿಗೆ ನಿಂತಾಗ ಒಳಚುನಾವಣೆಯಲ್ಲಿ ಒಂಬತ್ತು ಅಭ್ಯರ್ಥಿಗಳು. ಸ್ವಂತ ಹಣ ಆಗಲೂ ಹರಿಯಿತು. ಬಂದದ್ದು ನೂರಕ್ಕೆ ಸುಮಾರು 28 ಓಟು. ಉಳಿದ 72 ಎಂಟು ಕಡೆ ಹಂಚಿಹೋದವು. ಅಷ್ಟರಲ್ಲೇ ಗೆದ್ದರು, ಮುಂದೆ ಸಂಸತ್ತಿಗೂ ಹೋದರು.

ಇದರಲ್ಲಿ ನಮಗೇನು ಪಾಠ? ದುಡ್ಡಿಗೆ ಓಟು ಖಾತ್ರಿ ಇಲ್ಲ. ಆದರೆ ಓಟು ಚೆದುರಿದರೆ ಕಾಲುಭಾಗದವನೂ ಗೆಲ್ಲುತ್ತಾನೆ. ನಮ್ಮ ಸಂಘದಲ್ಲಿ ಹತ್ತು ಷೇರಿನವರಿಗೂ ಒಂದೇ ಓಟು, ಒಂದು ಷೇರಿನವರಿಗೂ ಒಂದೇ ಓಟು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರದ ಬೀಜ ಬಿತ್ತಿದ್ದು ಸಾವುಕಾರರ ಹಂಗು ತಪ್ಪಿಸಲಿಕ್ಕೆ. ಆ ಓಟನ್ನು ಮನೆಯಲ್ಲಿ ಕೂತು ಕಳೆದರೆ ಸಂಘ ಮತ್ತೆ ಒಬ್ಬಿಬ್ಬರ ಕಿಸೆಗೆ ಹೋಗುತ್ತದೆ. ಥಾಣೇದಾರರು ತಮ್ಮ ದುಡ್ಡು ಕಳೆದುಕೊಂಡರು, ತಾವೇ ಮತ್ತೆ ಗಳಿಸಿದರು. ಸಂಘದ್ದು ಹಾಗಲ್ಲ ನೋಡ್ರಿ, ಇಲ್ಲಿ ಸುಸ್ತಿ ಬಿದ್ದರೆ ಮುಳುಗುವುದು ನಿಮ್ಮ ಠೇವಣಿ, ನನ್ನ ಠೇವಣಿ.

ಆದ್ದರಿಂದ ಸರ್ವಸಾಧಾರಣ ಸಭೆಗೆ ತಪ್ಪದೆ ಬನ್ನಿ. ಜಮಾಖರ್ಚು ಓದುವಾಗ ಎದ್ದು ಹೋಗಬೇಡಿ. ಸುಸ್ತಿ ಬಾಕಿ ಎಷ್ಟು, ಯಾರದ್ದು ಅಂತ ಕೇಳಿ. ಕೇಳಿದರೆ ಯಾರೂ ಸಿಟ್ಟಾಗಬಾರದು, ಅದು ಸದಸ್ಯನ ಹಕ್ಕು.

ಸಂಘ ಸುವರ್ಣ ಮಹೋತ್ಸವ ಕಾಣಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.